ಯಾರೂ ಹಾಡದ ಆರನೇ ಹಾಡು

"ನಮ್ಮಮ್ಮನ ಧ್ವನಿ ಕಳುವಾಗಿದೆ."

ಹಾಗೆಂದು ಹೇಳಿ ಆಕೆ ಒಂದು ರೆಕಾರ್ಡನ್ನು ಅತ್ತೆಯ ಮೇಜಿನ ಮೇಲಿಟ್ಟಳು. ಹೊಚ್ಚ ಹೊಸದು. ಪ್ಲಾಸ್ಟಿಕ್ ಹೊದಿಕೆ ಒಂದು ಬದಿಯಲ್ಲಷ್ಟೇ ಹರಿದಿತ್ತು.

"ಪೊಲೀಸರ ಹತ್ರ ಹೋಗಿದ್ರಾ?" ಅತ್ತೆ ಕೇಳಿದಳು.

"ಹೋಗಿದ್ದೆ. ಧ್ವನಿಗೆ ಎತ್ತರ ಎಷ್ಟು, ಮೈಬಣ್ಣ ಏನು ಅಂತ ಕೇಳಿ ನಕ್ಕರು."

ನನಗೂ ನಗು ಬಂದಿತ್ತು. ಅತ್ತೆಯ ಮುಖ ನೋಡಿ ನುಂಗಿಕೊಂಡೆ. ಅತ್ತೆ ವಿಮಾ ಕಂಪನಿಯಲ್ಲಿ ಸುಳ್ಳು ಕ್ಲೇಮು ಹಿಡಿಯುವ ಕೆಲಸ ಮಾಡಿ ನಿವೃತ್ತಳಾದವಳು. ತಮ್ಮ ಅಂಗಡಿಗೆ ತಾವೇ ಬೆಂಕಿ ಇಟ್ಟವರನ್ನು, ಬದುಕಿರುವ ಗಂಡನನ್ನು ಕಾಗದದ ಮೇಲೆ ಕೊಂದವರನ್ನು ನೋಡಿ ನೋಡಿ, ಮನುಷ್ಯ ಯಾವುದನ್ನು ಬೇಕಾದರೂ ಕದಿಯಬಲ್ಲ ಎಂದು ನಂಬಿದವಳು. ನಾನು ಅವಳ ಅಣ್ಣನ ಮಗ. ನನ್ನದು ಕನ್ನಡಕದ ಅಂಗಡಿ. ಅವಳಿಗೆ ಕೇಸು ಸಿಕ್ಕಾಗಲೆಲ್ಲ ಅಂಗಡಿಗೆ ಬೀಗ ಹಾಕಿ ಕಾರು ಓಡಿಸುವುದು ನನ್ನ ಹಣೆಬರಹ.

ಬಂದವಳು ದಂತವೈದ್ಯರಿಗೆ ಹಲ್ಲಿನ ಸೆಟ್ಟು ಮಾಡಿಕೊಡುವವಳು. ಉಗುರಿನ ಸಂದಿಯಲ್ಲಿ ಗುಲಾಬಿ ಮೇಣ ಇನ್ನೂ ಇತ್ತು. ಮಾತು ಕಡಿಮೆ.

"ಇಬ್ರು ಹೆಂಗಸ್ರು ಹಾಡೋಕೆ, ಇಬ್ರು ಗಂಡಸ್ರು ಗಿಟಾರು, ಡ್ರಮ್ಮಿಗೆ. ನಾನು ಹುಟ್ಟೋ ಮುಂಚೆ ಮಾಡಿದ ರೆಕಾರ್ಡು ಇದು. ಆ ಹೆಂಗಸ್ರಲ್ಲಿ ಒಬ್ರು ನಮ್ಮಮ್ಮ. ಆರನೇ ಹಾಡು ಅಮ್ಮ ಒಬ್ರೇ ಹಾಡಿದ್ದು. ನಾನು ತುಂಬಾ ಚಿಕ್ಕವಳಿದ್ದಾಗಲೇ ಅಮ್ಮ ಹೋಗ್ಬಿಟ್ರು. ಅಪ್ಪ ಆ ಹಾಡು ಹಾಕಿ ಹಾಕಿ ನನ್ನ ಮಲಗಿಸ್ತಿದ್ರು. ಒಂದ್ಸಲ ಮನೆ ಬದಲಾಯಿಸುವಾಗ ರೆಕಾರ್ಡು ಒಡೆದೋಯ್ತು. ಇನ್ನೊಂದು ಎಲ್ಲೂ ಸಿಗಲಿಲ್ಲ. ಈಗ ಅಪ್ಪನೂ ಇಲ್ಲ."

"ಈಗ ಮತ್ತೆ ಬಿಡುಗಡೆ ಮಾಡಿದ್ದಾರೆ."

"ಹೂಂ. ಆರನೇ ಹಾಡಲ್ಲಿ ಅಮ್ಮ ಇಲ್ಲ. ಬರೀ ಗಿಟಾರು, ಡ್ರಮ್ಮು."

"ಕಂಪನಿಯವರು ಏನಂದ್ರು?"

"ಚಿಕ್ಕ ಮಕ್ಕಳ ನೆನಪು ನಂಬಬೇಡಿ ಅಂದ್ರು. ಆ ಹಾಡಿಗೆ ಧ್ವನಿ ಇರಲೇ ಇಲ್ವಂತೆ. ಅದು ಹೆಸರುವಾಸಿಯಾಗಿರೋದೇ ಮೌನಕ್ಕಂತೆ." ಅವಳು ಕತ್ತೆತ್ತಿದಳು. "ಕಳ್ಳ ಯಾರಾದ್ರೂ ಆಗಲಿ, ಶಿಕ್ಷೆ ಆಗಲಿ ಬಿಡಲಿ. ಅಮ್ಮನ ಧ್ವನಿ ವಾಪಸ್ ಬೇಕು. ನನ್ನ ಹತ್ರ ಅವರದ್ದು ಬೇರೆ ಏನೂ ಇಲ್ಲ."

ಅತ್ತೆ ರೆಕಾರ್ಡು ಹಾಕಿದಳು. ಆರನೇ ಹಾಡು. ಗಿಟಾರು ಸ್ವಲ್ಪ ಹೊತ್ತು ಕುಲುಕಾಡಿ ತಟ್ಟನೆ ನಿಂತಿತು. ಸೊಂಯ್ ಎನ್ನುವ ಹಳೇ ಟೇಪಿನ ಸದ್ದು. ಆಮೇಲೆ ಡ್ರಮ್ಮು.

"ಗಿಟಾರು ನಿಲ್ಲುತ್ತಲ್ಲ, ಅದಾದ ತಕ್ಷಣ ಅಮ್ಮ ಶುರು ಮಾಡ್ತಿದ್ರು," ಎಂದಳು ಹಲ್ಲಿನ ಸೆಟ್ಟಿನವಳು.

ಅತ್ತೆ ಮುಳ್ಳನ್ನು ಹಿಂದಕ್ಕೆ ಸರಿಸಿದಳು. ಮತ್ತೆ ಅದೇ ಜಾಗ. ಸದ್ದು ಪೂರ್ತಿ ಏರಿಸಿ ಇನ್ನೊಮ್ಮೆ.

"ನಿಂಗೆ ಏನು ಕೇಳಿಸ್ತೋ?" ನನ್ನನ್ನು ಕೇಳಿದಳು.

"ಸೊಂಯ್ ಅಂತ."

"ಅಷ್ಟೇನಾ?"

"ಇನ್ನೇನು, ನನ್ನ ಹೆಸರು ಹಿಡಿದು ಕರೀಬೇಕಿತ್ತಾ?"

ಅತ್ತೆ ಕಾರಿನ ಕೀಲಿ ನನ್ನ ಕೈಗಿಟ್ಟಳು.

ಈ ರೆಕಾರ್ಡಿನ ಜಾತಕ ಇಲ್ಲಿ ಹೇಳಿಬಿಡಬೇಕು. ಹೇಳಿದರೆ ನನ್ನ ಹೊಟ್ಟೆಯುರಿಯೂ ಕೊಂಚ ತಣ್ಣಗಾದೀತು. ನಾಲ್ಕು ಜನ ಸೇರಿ ಬ್ರೆಜಿಲ್ ದೇಶದ ತಾಳಕ್ಕೆ ಲಾಲಾ ಪಾರಪಾ ಎಂದು ಹಾಡಿದರು. ಬ್ರೆಜಿಲ್ ಎಲ್ಲಿದೆ ತೋರಿಸಿ ಎಂದು ಭೂಪಟ ಕೊಟ್ಟಿದ್ದರೆ ನಾಲ್ವರೂ ತಡಕಾಡುತ್ತಿದ್ದರು. ರೆಕಾರ್ಡು ಬಂತು, ನಾಯಿಯೂ ಮೂಸಲಿಲ್ಲ. ಉಳಿದ ಪ್ರತಿಗಳನ್ನೆಲ್ಲ ಕಾರ್ಖಾನೆಯವರು ವಾಪಸು ತರಿಸಿ ಕರಗಿಸಿದರು. ಮೊದಲನೇ ಹಾಡೊಂದು ಯಾವುದೋ ಕಲಸುಮೇಲೋಗರದ ಸಂಗ್ರಹದಲ್ಲಿ ಸೇರಿಕೊಂಡು ಬದುಕಿತು. ಎಷ್ಟೋ ವರ್ಷಗಳ ಮೇಲೆ ಹೊರದೇಶದ ಒಂದು ಕುಣಿತದ ಮನೆಯಲ್ಲಿ ಯಾರೋ ಅದನ್ನು ಹಾಕಿದರು. ಹೊರಗಿನವರು ಕುಣಿದರಲ್ಲ, ನಮ್ಮವರಿಗೂ ಕಾಲು ಬಂತು.

ಅದೇ ಸಮಯಕ್ಕೆ ಒಬ್ಬ ವಿಮರ್ಶಕ ಲೇಖನ ಬರೆದ. ಇಡೀ ರೆಕಾರ್ಡಿನ ಜೀವ ಆರನೇ ಹಾಡಿನ ಮೌನದಲ್ಲಿದೆಯಂತೆ. 'ಗಿಟಾರು ಕರೆಯುತ್ತದೆ. ಆಕೆ ಬರುವುದಿಲ್ಲ. ಹಾಡಲು ನಿರಾಕರಿಸಿದ ಆ ಗಂಟಲಿನಲ್ಲಿ ಒಂದು ತಲೆಮಾರಿನ ನೋವಿದೆ.' ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ. ಆ ಮೌನ ಕೇಳಿ ಅತ್ತವರು ಹುಟ್ಟಿಕೊಂಡರು. ನಮ್ಮ ಮನೇಲೂ ಆ ರೆಕಾರ್ಡು ಇತ್ತು ಎನ್ನುವವರು ಬೀದಿಗೊಬ್ಬರಾದರು. ಅಷ್ಟು ಮನೆಗಳಲ್ಲಿ ಇದ್ದಿದ್ದರೆ ಅದನ್ನು ಕರಗಿಸುವ ಗತಿ ಯಾಕೆ ಬರುತ್ತಿತ್ತು?

ಮರುಬಿಡುಗಡೆ ಕಂಪನಿ ಒಂದು ಹಳೇ ಗೋದಾಮಿನ ಮಾಳಿಗೆಯಲ್ಲಿತ್ತು. ಮಾಲೀಕ ಸುಕ್ಕುಸುಕ್ಕಾದ ದುಬಾರಿ ಅಂಗಿ ಹಾಕಿಕೊಂಡು ಬರಿಗಾಲಲ್ಲಿ ಓಡಾಡುತ್ತಿದ್ದ. ತನ್ನನ್ನು ನಾದದ ಉತ್ಖನನಕಾರ ಎಂದು ಪರಿಚಯಿಸಿಕೊಂಡ.

"ಅಂದ್ರೆ ಹಳೇ ಸಾಮಾನಿನ ವ್ಯಾಪಾರ," ಎಂದಳು ಅತ್ತೆ. "ಮೂಲ ಟೇಪು ಎಲ್ಲಿ ಸಿಕ್ತು?"

"ಮುಚ್ಚಿಹೋದ ಸ್ಟುಡಿಯೋದ ಉಗ್ರಾಣದಲ್ಲಿ, ಮೇಡಂ. ನನ್ನ ಕೈಗೆ ಬಂದಾಗ ರೋಮಾಂಚನ ಆಯ್ತು."

"ಹಾಕಿ ಕೇಳಿದ್ರಾ?"

"ನಾನು ಮುಟ್ಟಲಿಲ್ಲ. ಹಳೇ ಟೇಪು ಹಾಕೋ ಯಂತ್ರ ಇಲ್ಲೊಂದೇ ಇರೋದು, ಅದು ನಮ್ಮ ಧ್ವನಿ ತಂತ್ರಜ್ಞರ ಕೋಣೇಲಿ. ಅವರು ರಜೆಯಲ್ಲಿದ್ರು. ಅಷ್ಟರಲ್ಲಿ ವಿಮರ್ಶಕರು ಬಂದ್ರು. ಕವರಿನ ಮೇಲಿನ ಮಾತು ಬರೀಬೇಕು, ಟೇಪಿನ ಸಾನ್ನಿಧ್ಯ ಬೇಕು ಅಂತ ಮನೆಗೆ ತಗೊಂಡು ಹೋಗಿ ಆಮೇಲೆ ತಂದುಕೊಟ್ರು. ಪಾಪ, ಭಾವುಕ ಮನುಷ್ಯ."

ತಂತ್ರಜ್ಞ ಪಕ್ಕದ ಕೋಣೆಯಲ್ಲಿದ್ದ. ನಮ್ಮನ್ನು ಕಂಡ ಕೂಡಲೇ ಸಿಡುಕಿದ. "ನಾನು ಧ್ವನಿ ತಿಂದೆ ಅಂತೀರಾ? ಒಂದೇ ಟೇಪಿನ ಮೇಲೆ ನಾಲ್ಕು ದಾರಿ ಇರುತ್ತೆ. ಒಂದರಲ್ಲಿ ಗಿಟಾರು, ಒಂದರಲ್ಲಿ ಡ್ರಮ್ಮು, ಮೂರನೇದ್ರಲ್ಲಿ ದೊಡ್ಡ ಗಾಯಕಿ, ನಾಲ್ಕನೇದ್ರಲ್ಲಿ ಇನ್ನೊಬ್ಬಾಕೆ. ಆರನೇ ಹಾಡಲ್ಲಿ ಮೂರೂ ಖಾಲಿ, ನಾಲ್ಕೂ ಖಾಲಿ. ನನಗೆ ಬಂದಿದ್ದೇ ಹಾಗೆ."

"ಮಿಕ್ಕ ಹಾಡುಗಳಲ್ಲಿ ನಾಲ್ಕನೇ ದಾರಿ?"

"ಇದೆ. ಹಿಂದೆ ಹಿಂದೆ ಲಾಲಾ ಅಂತಿರ್ತಾರೆ."

"ಮಿಕ್ಕ ಹಾಡುಗಳಲ್ಲಿ ಸೊಂಯ್ ಸದ್ದಿಲ್ಲ. ಇದ್ರಲ್ಲಿ ಮಾತ್ರ ಯಾಕಿದೆ?"

"ಮಿಕ್ಕಿದ್ದನ್ನೆಲ್ಲ ನಾನು ತೊಳೆದೆ. ಇದನ್ನ ಮುಟ್ಟಲೇಕೂಡದು ಅಂತ ವಿಮರ್ಶಕರ ಆಜ್ಞೆ. ಆ ಮೌನ ಪವಿತ್ರವಂತೆ, ಅದರ ಧೂಳೂ ಪವಿತ್ರವಂತೆ. ಗ್ರಾಹಕರ ಹುಚ್ಚು, ನನಗೇನು? ಇದ್ದಹಾಗೇ ಅಚ್ಚು ಹಾಕಿಸಿದೆ."

ಮೆಟ್ಟಿಲಿಳಿಯುವಾಗ ನಾನೆಂದೆ, "ಅತ್ತೆ, ಈ ತಂತ್ರಜ್ಞನೇ ಕೈತಪ್ಪಿ ಅಳಿಸಿಹಾಕಿ ಬಾಯಿ ಮುಚ್ಕೊಂಡಿದ್ದಾನೆ."

"ಕೈತಪ್ಪಿ ಅಳಿಸಿದ್ರೆ ಹಾಡಿನ ಅರ್ಧ ಹೋಗುತ್ತೆ, ಇಲ್ಲ ಪಕ್ಕದ ಹಾಡಿನ ಬಾಲವೂ ಹೋಗುತ್ತೆ. ಅಳಿಸಿದವರು ಗೆರೆ ಎಳೆದ ಹಾಗೆ ಅಳಿಸಿದ್ದಾರೆ ಕಣೋ."

ವಿಮರ್ಶಕನ ಮನೆಯಲ್ಲಿ ಕೂರಲು ಜಾಗವಿರಲಿಲ್ಲ. ಎಲ್ಲಿ ನೋಡಿದರೂ ಹಳೇ ರೇಡಿಯೋ, ತುತ್ತೂರಿಯ ಗ್ರಾಮಫೋನು, ಮೈತುಂಬ ಧೂಳು. ಗೋಡೆಯ ಮೇಲೆ ಚೌಕಟ್ಟು ಹಾಕಿಸಿದ ಅವನದೇ ಲೇಖನ. ಅದರ ಪಕ್ಕದಲ್ಲಿ ಆ ರೆಕಾರ್ಡಿನ ಹಳೇ ಕವರು. ಬರೀ ಕವರು.

"ಆ ರೆಕಾರ್ಡು ನೀವು ಮೊದಲು ಕೇಳಿದ್ದು ಯಾವಾಗ?" ಅತ್ತೆ ಕೇಳಿದಳು.

"ಯೌವನದಲ್ಲಿ. ಎಷ್ಟು ಸಲ ಎಂದು ಲೆಕ್ಕವಿಟ್ಟಿಲ್ಲ." ಮಾತಾಡುವಾಗಲೂ ಮುದ್ರಣಕ್ಕೆ ಕೊಡುವವನ ಹಾಗೆ ಮಾತಾಡುತ್ತಿದ್ದ. "ಅದು ನನ್ನನ್ನು ರೂಪಿಸಿತು."

"ಒಳಗಿನ ರೆಕಾರ್ಡು ಎಲ್ಲಿ?"

"ಗೆಳೆಯನೊಬ್ಬ ಒಯ್ದ. ಹಿಂತಿರುಗಿಸಲಿಲ್ಲ."

"ಆರನೇ ಹಾಡು ಸ್ವಲ್ಪ ಗುನುಗ್ತೀರಾ?"

ಅವನು ಕಣ್ಣು ಮುಚ್ಚಿಕೊಂಡ. "ಮೌನವನ್ನು ಗುನುಗಲು ಬರುವುದಿಲ್ಲ, ತಾಯಿ."

ನನಗೆ ಹೊರಟುಬಿಡೋಣ ಎನ್ನಿಸಿತು. ಅತ್ತೆ ಮೂಲೆಯ ಮೇಜಿನ ಮೇಲಿದ್ದ ದೊಡ್ಡ ಟೇಪ್ ಯಂತ್ರದ ಮುಂದೆ ನಿಂತಿದ್ದಳು. "ಇದು ಓಡುತ್ತಾ?"

"ಇಲ್ಲ. ಎಷ್ಟೋ ವರ್ಷಗಳಿಂದ ಕೆಟ್ಟಿದೆ. ಅಲಂಕಾರಕ್ಕೆ ಇಟ್ಟಿದ್ದೇನೆ."

"ಚೆನ್ನಾಗಿದೆ," ಎಂದು ಅತ್ತೆ ಟೇಪು ಎಳೆಯುವ ಪುಟ್ಟ ರಬ್ಬರ್ ಉರುಳೆಯನ್ನು ಬೆರಳಿನಿಂದ ಒಮ್ಮೆ ಒತ್ತಿ ನೋಡಿ ಹೊರಟಳು.

ದೊಡ್ಡ ಗಾಯಕಿಯ ಮನೆಗೆ ಹಲ್ಲಿನ ಸೆಟ್ಟಿನವಳನ್ನೂ ಕರೆದುಕೊಂಡು ಹೋದೆವು. ಕವರಿನ ಮೇಲೆ ಗಾಳಿಗೆ ಕೂದಲು ಬಿಟ್ಟುಕೊಂಡು ನಿಂತಿದ್ದ ಹುಡುಗಿ ಈಗ ಮಂಡಿಗೆ ಬಿಸಿನೀರಿನ ಚೀಲ ಇಟ್ಟುಕೊಂಡು ಕೂತಿದ್ದರು. ಬೀರುವಿನ ತುಂಬ ಹೊಸ ಪ್ರಶಸ್ತಿ ಫಲಕಗಳು. ಎಲ್ಲದರ ಮೇಲೂ ಮೌನ, ಮೌನ ಎಂದು ಕೆತ್ತಿತ್ತು. ಕಳ್ಳಿ ಇವರೇ ಎಂದು ನಾನು ಬಾಗಿಲಲ್ಲೇ ತೀರ್ಮಾನಿಸಿದೆ.

"ಆರನೇ ಹಾಡು ನೀವ್ಯಾಕೆ ಹಾಡಲಿಲ್ಲ?" ಅತ್ತೆ ನೇರವಾಗಿ ಕೇಳಿದಳು.

"ನನಗೆ ಕೊಡಲಿಲ್ಲ, ಹಾಡಲಿಲ್ಲ. ಒಂಬತ್ತು ಹಾಡು ಹಾಡಿದೆ ಕಣಮ್ಮ. ಒಬ್ಬನಾದ್ರೂ ಚೆನ್ನಾಗಿದೆ ಅನ್ನಲಿಲ್ಲ. ಹಾಡದೇ ಇರೋ ಹಾಡಿಗೆ ಕರೆದು ಕರೆದು ಪ್ರಶಸ್ತಿ ಕೊಟ್ರು. ಬೇಡ ಅನ್ನೋಕೆ ನನಗೇನು ತಲೆ ಕೆಟ್ಟಿತ್ತಾ?"

"ಹಾಗಾದ್ರೆ ಅದನ್ನ ಹಾಡಿದ್ಯಾರು?"

ಗಾಯಕಿ ಬಿಸಿನೀರಿನ ಚೀಲವನ್ನು ಇನ್ನೊಂದು ಮಂಡಿಗೆ ದಾಟಿಸಿದರು. ಹಲ್ಲಿನ ಸೆಟ್ಟಿನವಳ ಮುಖವನ್ನು ಆಗ ಸರಿಯಾಗಿ ನೋಡಿದರು.

"ಮೂಗು ಅವಳದೇ," ಎಂದರು. "ನೀನು ಅವಳ ಮಗಳಾ?"

"ಹೂಂ."

"ಅವಳೇ ಹಾಡಿದ್ದು. ಕವರಿಗೆ ಫೋಟೋ ತೆಗೆಯೋ ಹೊತ್ತಿಗೆ ಅವಳಿಗೆ ಏಳು ತಿಂಗಳು. ಹೊಟ್ಟೆ ಕಾಣುತ್ತೆ, ಬೇಡ ಅಂತ ಅವತ್ತಿನ ಕಂಪನಿಯವನು ಅವಳನ್ನ ಪಕ್ಕಕ್ಕೆ ನಿಲ್ಲಿಸ್ದ. ಫೋಟೋದಲ್ಲಿ ಇಲ್ಲದವಳ ಹೆಸರು ಯಾಕೆ ಅಂತ ಹೆಸರೂ ಬಿಟ್ಟ. ಕವರಿನ ಹಿಂದೆ ಎಲ್ಲಾ ಹಾಡಿನ ಮುಂದೆ ನನ್ನ ಹೆಸರಿದೆ. ಆರನೇದ್ರ ಮುಂದೆ ಖಾಲಿ."

"ಆ ಹೊಟ್ಟೇಲಿದ್ದಿದ್ದು ನಾನು," ಎಂದಳು ಹಲ್ಲಿನ ಸೆಟ್ಟಿನವಳು.

"ಇನ್ಯಾರು ಮತ್ತೆ?"

"ಹೊಸ ರೆಕಾರ್ಡಲ್ಲಿ ಅವಳ ಧ್ವನಿ ಇಲ್ಲ. ನಿಮಗೆ ಗೊತ್ತಿತ್ತಾ?" ಅತ್ತೆ ಬಿಡಲಿಲ್ಲ.

"ಹಾಕಿ ಕೇಳಿಲ್ಲ. ಆ ವಯಸ್ಸಿನ ಗಂಟಲು ಈಗ ಕೇಳಿದ್ರೆ ನನಗೆ ಸಂಕಟ ಆಗುತ್ತೆ."

ಕಾರಿನಲ್ಲಿ ನಾನು ಸುಮ್ಮನಿರಲಾರದೆ ಹೇಳಿದೆ, "ಲಾಭ ಯಾರಿಗೆ ಅಂತ ನೋಡು ಅಂತ ನೀನೇ ಹೇಳ್ತಿದ್ದೆ. ಲಾಭ ಈಯಮ್ಮನಿಗೆ."

"ಈಯಮ್ಮ ಅಳಿಸೋದಾಗಿದ್ರೆ ಅವಳನ್ನ ಎಲ್ಲಾ ಹಾಡಿಂದಲೂ ಅಳಿಸ್ತಿದ್ಲು. ಹಿಂದೆ ಹಿಂದೆ ಹಾಡಿರೋದೆಲ್ಲ ಹಾಗೇ ಇದೆಯಲ್ಲ? ಅಳಿಸಿದವರಿಗೆ ಆ ಹೆಂಗಸಿನ ಮೇಲೆ ದ್ವೇಷ ಇರಲಿಲ್ಲ. ಅವಳು ಯಾರು ಅಂತಲೇ ಗೊತ್ತಿರಲಿಲ್ಲ. ಎಲ್ಲರೂ ನಾಳೆ ಮಧ್ಯಾಹ್ನ ಕಂಪನಿಗೆ ಬರಬೇಕು ಅಂತ ಫೋನ್ ಮಾಡು."

ಮರುದಿನ ಮಧ್ಯಾಹ್ನ ಕಂಪನಿಯ ಕೋಣೆಯಲ್ಲಿ ಎಲ್ಲರೂ ಸೇರಿದರು. ಮಾಲೀಕ ಬರಿಗಾಲಲ್ಲೇ ಇದ್ದ. ತಂತ್ರಜ್ಞ ಗಡಿಯಾರ ನೋಡುತ್ತಿದ್ದ. ಗಾಯಕಿ ಮಂಡಿ ಸವರಿಕೊಳ್ಳುತ್ತಿದ್ದರು. ವಿಮರ್ಶಕ ಪ್ರತ್ಯೇಕ ಕುರ್ಚಿ ಹುಡುಕಿಕೊಂಡು ಕೂತ. ಹಲ್ಲಿನ ಸೆಟ್ಟಿನವಳು ಬಾಗಿಲ ಹತ್ತಿರದ ಸ್ಟೂಲಿನ ಮೇಲೆ.

"ಆರನೇ ಹಾಡು ಹಾಕಿ," ಎಂದಳು ಅತ್ತೆ. "ಗಿಟಾರು ನಿಂತ ಜಾಗದಲ್ಲಿ ಸದ್ದು ಪೂರ್ತಿ ಏರಿಸಿ."

ಗಿಟಾರು ನಿಂತಿತು. ಸೊಂಯ್.

"ಇನ್ನೊಮ್ಮೆ. ಕಣ್ಣು ಮುಚ್ಚಿ ಕೇಳಿ."

ಆಗ ನನಗೂ ಕೇಳಿಸಿತು. ಆ ಸೊಂಯ್ ಒಳಗೆ, ಪಕ್ಕದ ಮನೆಯ ಗೋಡೆಯಾಚೆ ಯಾರೋ ಬಾಯಿ ತೆರೆದಂತೆ, ಒಂದು ಹೆಂಗಸಿನ ಧ್ವನಿ. ಒಂದೇ ಎಳೆ. ಡ್ರಮ್ಮು ಬಂದೊಡನೆ ಹೋಯಿತು.

"ಭ್ರಮೆ," ಎಂದ ಮಾಲೀಕ.

"ವಿಮಾ ಕಂಪನಿಯಲ್ಲಿ ಕಳ್ಳರ ಫೋನ್ ಮಾತುಗಳನ್ನ ಟೇಪಿನಲ್ಲಿ ಕೇಳಿಯೇ ನನ್ನ ಕಿವಿ ಸವೆದಿದ್ದು," ಎಂದಳು ಅತ್ತೆ. "ಟೇಪನ್ನ ಸುತ್ತಿ ಇಡ್ತಾರೆ. ಒಂದು ಸುತ್ತಿನ ಮೇಲೆ ಇನ್ನೊಂದು ಸುತ್ತು ಕೂತಿರುತ್ತೆ. ವರ್ಷಗಟ್ಟಲೆ ಹಾಗೇ ಕೂತ್ರೆ, ಒಂದು ಸುತ್ತಿನ ಗಟ್ಟಿ ಸದ್ದು ಪಕ್ಕದ ಸುತ್ತಿಗೆ ತೆಳ್ಳಗೆ ಅಂಟಿಕೊಳ್ಳುತ್ತೆ. ಅದಕ್ಕೇ ಹಳೇ ಟೇಪಿನಲ್ಲಿ ಹಾಡು ಶುರುವಾಗೋದಕ್ಕೆ ಸ್ವಲ್ಪ ಮೊದಲೇ ಅದರ ನೆರಳು ಕೇಳಿಸುತ್ತೆ. ಅಲ್ವೇನ್ರೀ?"

"ಹೌದು," ಎಂದ ತಂತ್ರಜ್ಞ. ಅವನ ಮುಖ ಸಣ್ಣಗಾಗಿತ್ತು. "ಕಿವಿಗೊಟ್ಟಿದ್ರೆ ನನಗೇ ಸಿಗ್ತಿತ್ತು. ಮುಟ್ಟಬೇಡ ಅಂದ್ರು ಅಂತ ಗಮನಕೊಟ್ಟು ಕೇಳಲಿಲ್ಲ."

"ನೆರಳಿದೆ ಅಂದ್ಮೇಲೆ ಆಳು ಇತ್ತು. ಈ ಹಾಡಲ್ಲಿ ಹೆಂಗಸಿನ ಧ್ವನಿ ಇತ್ತು. ಯಾರೋ ಟೇಪ್ ಹಾಕಿ, ನಾಲ್ಕನೇ ದಾರಿಯನ್ನಷ್ಟೇ ಹಿಡಿದು, ಅವಳು ಬಾಯಿ ತೆರೆದ ಜಾಗದಿಂದ ಮುಚ್ಚಿದ ಜಾಗದವರೆಗೆ ಅಳಿಸಿದ್ದಾರೆ. ಬಾಯಿ ತೆರೆಯೋ ಮುಂಚಿನ ನೆರಳು ಮಾತ್ರ ಉಳಿದೋಯ್ತು. ಅಳಿಸಿದವರು ಈ ಕೋಣೆಯಲ್ಲೇ ಇದ್ದಾರೆ."

"ನನ್ನ ಯಂತ್ರ ಕೆಟ್ಟಿದೆ," ಎಂದ ವಿಮರ್ಶಕ.

ಯಾರೂ ಅವನ ಯಂತ್ರದ ಮಾತೆತ್ತಿರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ.

ಅತ್ತೆ ಅವನ ಕಡೆ ತಿರುಗಿದಳು. "ಮನೆಯ ಮಿಕ್ಕ ಯಂತ್ರಗಳ ಮೇಲೆಲ್ಲ ಬೆರಳು ಊರುವಷ್ಟು ಧೂಳು. ಇದರ ಮೇಲೆ ಇಲ್ಲ. ರಬ್ಬರಿನ ಉರುಳೆ ಮೆತ್ತಗಿದೆ, ಹೊಸದು. ಕೆಟ್ಟು ಕೂತ ಯಂತ್ರಕ್ಕೆ ಹೊಸ ರಬ್ಬರ್ ಯಾರು ಹಾಕಿಸ್ತಾರೆ?"

"ನಾನೇಕೆ ಅಳಿಸಲಿ? ನಾನು ಈ ರೆಕಾರ್ಡನ್ನು ಲೋಕಕ್ಕೆ ಕೊಟ್ಟವನು!"

"ನೀವು ಇದನ್ನ ಕೇಳೇ ಇರಲಿಲ್ಲ."

ಮಾಲೀಕನ ಬಾಯಿ ಅರ್ಧ ತೆರೆದೇ ಇತ್ತು.

"ಕೇಳಿದ್ದವರು ಯಾರೂ ಆರನೇ ಹಾಡು ಮೌನ ಅನ್ನಲ್ಲ. ಟೇಪು ಸಿಗೋದಕ್ಕೆ ವರ್ಷಗಳ ಮೊದಲೇ ಹಾಗೆ ಬರೆದವರು ನೀವೊಬ್ರೇ. ನಿಮಗೆ ಸಿಕ್ಕಿದ್ದು ಒಂದು ಹಳೇ ಕವರು. ಮುಂದೆ ಒಬ್ಬ ಹುಡುಗಿಯ ಫೋಟೋ. ಹಿಂದೆ ಆರನೇ ಹಾಡಿನ ಮುಂದೆ ಹೆಸರಿಲ್ಲ. ಹೆಸರಿಲ್ಲ ಅಂದ್ರೆ ಹಾಡಿಲ್ಲ ಅಂತ ತಿಳ್ಕೊಂಡ್ರಿ. ಬಸುರಿ ಹೆಂಗಸನ್ನ ಯಾವನೋ ಕವರಿಂದ ಬಿಟ್ಟಿದ್ದ. ನೀವು ಅದನ್ನ ತಲೆಮಾರಿನ ನೋವು ಅಂತ ಬರೆದ್ರಿ. ಆಮೇಲೆ ಟೇಪ್ ಸಿಕ್ತು. ಮನೆಗೆ ತಗೊಂಡು ಹೋಗಿ ಹಾಕಿದ್ರಿ. ಮೌನ ಬಾಯಿಬಿಟ್ಟು ಹಾಡಿಬಿಡ್ತು. ಲೇಖನ ತಿದ್ದೋ ಬದಲು ಹಾಡನ್ನೇ ತಿದ್ದಿದ್ರಿ. ಆಮೇಲಾದ್ರೂ ತೆಪ್ಪಗಿದ್ರಾ? ಧೂಳೂ ಪವಿತ್ರ, ತೊಳೀಬೇಡಿ ಅಂದ್ರಿ. ತೊಳೆದಿದ್ರೆ ನೆರಳೂ ಹೋಗ್ತಿತ್ತು, ನೀವೂ ಬಚಾವಾಗ್ತಿದ್ರಿ."

ವಿಮರ್ಶಕ ಕನ್ನಡಕ ತೆಗೆದು ಒರೆಸಿದ. ಒಳ್ಳೇ ಚೌಕಟ್ಟು, ನನ್ನ ಅಂಗಡಿಯಲ್ಲಿ ಅಂಥದ್ದನ್ನು ಇಂಥವರೇ ಕೊಳ್ಳುವುದು. ಅಲ್ಲಗಳೆಯಲು ಹೊರಟವನು ಎಲ್ಲರ ಮುಖ ನೋಡಿ ದಾರಿ ಬದಲಿಸಿದ.

"ನಾನು ಆ ಕೃತಿಯನ್ನು ಉಳಿಸಿದೆ," ಎಂದ. "ಜನ ಪ್ರೀತಿಸಿದ್ದು ಆ ಮೌನವನ್ನು. ಟೇಪಿನಲ್ಲಿದ್ದದ್ದು ಏನು? ಒಬ್ಬ ಸಾಧಾರಣ ಹೆಂಗಸಿನ ಸಾಧಾರಣ ಹಾಡು."

"ಇನ್ನೊಂದು ಪ್ರತಿ ಇಟ್ಕೊಂಡಿದ್ದೀರಾ?" ಅತ್ತೆ ಕೇಳಿದಳು.

"ಇಲ್ಲ."

"ಎಲ್ಲೂ ಇಲ್ವಾ?"

"ಯಾಕೆ ಇಡಲಿ?"

ಅಷ್ಟೇ. ಅತ್ತೆ ಕಳ್ಳನನ್ನು ಹಿಡಿದಿದ್ದಳು, ಮಾಲು ಮಾತ್ರ ಇನ್ನೆಂದೂ ಸಿಗುವಂತಿರಲಿಲ್ಲ. ನನಗೆ ಅವನ ಕೆನ್ನೆಗೆ ಬಾರಿಸಬೇಕೆನ್ನಿಸಿತು. ಮಾಲೀಕನಂತೂ, ಈ ಹಗರಣದ ಸುದ್ದಿ ಹೊರಬಿದ್ದರೆ ಮಾರಾಟ ಏರುತ್ತದೋ ಇಳಿಯುತ್ತದೋ ಎಂದು ತಂತ್ರಜ್ಞನ ಕಿವಿಯಲ್ಲಿ ಕೇಳುತ್ತಿದ್ದ.

ಹಲ್ಲಿನ ಸೆಟ್ಟಿನವಳು ಸ್ಟೂಲನ್ನು ಎತ್ತಿಕೊಂಡು ಬಂದು ವಿಮರ್ಶಕನ ಎದುರಿಗೆ ಹಾಕಿ ಕೂತಳು. ಅವನು ಬೆದರಿ ಹಿಂದಕ್ಕೆ ಸರಿದ.

"ಬಯ್ಯಲ್ಲ," ಎಂದಳು. "ನನಗೆ ರಾಗ ಅಷ್ಟೇ ನೆನಪಿರೋದು. ನೀವು ಮೊನ್ನೆ ಮೊನ್ನೆ ಪೂರ್ತಿ ಕೇಳಿದ್ದೀರಿ. ಹೇಳಿ. ಅಮ್ಮ ಹೇಗೆ ಹಾಡಿದ್ರು?"

"ಅದು... ಒಂದು ಬಗೆಯ ವಿಷಾದ ಮಾಧುರ್ಯ..."

"ಅದು ಬೇಡ. ಧ್ವನಿ ದಪ್ಪಾನಾ, ತೆಳುವಾ? ಉಸಿರು ಎಲ್ಲಿ ತಗೊಂಡ್ರು?"

ವಿಮರ್ಶಕ ಛಾವಣಿ ನೋಡಿದ. ಕೈಬೆರಳು ನೋಡಿಕೊಂಡ. ಕೇಳದ ಹಾಡಿನ ಮೇಲೆ ಪುಟಗಟ್ಟಲೆ ಬರೆದಿದ್ದವನಿಗೆ ಕೇಳಿದ ಹಾಡಿನ ಬಗ್ಗೆ ಒಂದು ಮಾತೂ ಹುಟ್ಟಲಿಲ್ಲ. ಅವಳು ಕಾದಳು.

"ಮಧ್ಯದಲ್ಲಿ ಒಂದು ಕಡೆ ನಕ್ಕಳು," ಎಂದ ಕೊನೆಗೆ. "ಹಾಡುತ್ತ ಹಾಡುತ್ತಲೇ. ಯಾಕೆಂದು ತಿಳಿಯಲಿಲ್ಲ."

"ನನಗೆ ಗೊತ್ತು," ಎಂದರು ಗಾಯಕಿ ಹಿಂದಿನಿಂದ. "ನೀನು ಒಳಗಿಂದ ಒದ್ದೆ ಮಗಳೇ. ಮೊದಲನೇ ಸಲ ಅವತ್ತೇ ಒದ್ದಿದ್ದು. ಹಾಡು ನಿಲ್ಲಿಸೋ ಹಾಗಿರಲಿಲ್ಲ, ಹೊಟ್ಟೆ ಹಿಡ್ಕೊಂಡು ನಕ್ಕೊಂಡೇ ಮುಗಿಸಿದ್ಲು. ಚೆನ್ನಾಗಿದೆ, ಇರಲಿ ಅಂತ ಹಾಗೇ ಬಿಟ್ವಿ."

ಹಲ್ಲಿನ ಸೆಟ್ಟಿನವಳು ವಿಮರ್ಶಕನನ್ನೇ ಕೇಳಿದಳು.

"ಆ ನಗೂನೂ ಅಳಿಸಿದ್ರಾ?"

"ಹೌದು."

"ಯಾಕೆ?"

ಅವನಿಗೆ ಆ ಪ್ರಶ್ನೆಯೇ ವಿಚಿತ್ರವಾಗಿ ಕಂಡಿರಬೇಕು.

"ನನ್ನ ಲೇಖನದಲ್ಲಿ ನಗು ಇರಲಿಲ್ಲ," ಎಂದ.